ಕೂಸೇ, ನೂರು ಪುಟದ ಒಂದು ಬರೆಯುವ ಪಟ್ಟಿ ತಗೋ

ಕೂಸೇ, ವಾಯ್ಸ್ ಕಳಿಸೋಣ ಅಂತ ಎರಡು ಸಲ ನೋಡಿದೆ. ಶಿರಸಿಯಲ್ಲಿ ಮಳೆ ಹೇಗೆ ಹೊಡೆಯುತ್ತಿದೆ ಅಂದರೆ ತಗಡಿನ ಸದ್ದು ಬಿಟ್ಟು ನನ್ನ ದನಿ ಏನೂ ಕೇಳುವುದಿಲ್ಲ. ಅದಕ್ಕೆ ಫೋನಿಗೆ ಹೇಳುತ್ತಾ ಹೋಗುತ್ತೇನೆ, ಅದೇ ಟೈಪ್ ಮಾಡಿಕೊಳ್ಳಲಿ. ಉದ್ದ ಆಗುತ್ತದೆ, ಊಟ ಆದಮೇಲೆ ಓದು. ಅಕ್ಷರ ತಪ್ಪಿದರೆ ಯಾರೂ ನಗಬೇಡಿ.

ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ್ದನ್ನು ಮೂರು ಸಲ ಓದಿದೆ. ಕಾರವಾರದ ಆ ಆಫೀಸಿಗೆ ಸೇರಿ ಹತ್ತು ತಿಂಗಳಾಯಿತು, ಸಾಹೇಬರು ಎಲ್ಲರೆದುರು ಕೂಗಾಡುತ್ತಾರೆ, ರಾತ್ರಿ ಹತ್ತೂವರೆಗೆ ಫೋನ್ ಮಾಡುತ್ತಾರೆ, ಸಂಬಳ ಒಂದು ತಿಂಗಳು 12ಕ್ಕೆ ಬಂದರೆ ಇನ್ನೊಂದು ತಿಂಗಳು 20ಕ್ಕೆ, 'ನನ್ನಲ್ಲೇ ಏನೋ ಕೊರತೆ ಇರಬೇಕು' ಅಂತ ಬರೆದಿದ್ದೆ. ಅದಕ್ಕೆ ಅಣ್ಣ 'ಎಲ್ಲಾ ಕಡೆ ಹೀಗೇ, ಸುಧಾರಿಸಿಕೊಂಡು ಹೋಗು' ಅಂದ. ಭಾವ 'ಅವರು ಒಳ್ಳೆ ಜನ, 20 ವರ್ಷದಿಂದ ಬಲ್ಲೆ' ಅಂದರು. ಉಳಿದವರು ಕೈ ಮುಗಿಯುವ ಚಿತ್ರ ಹಾಕಿದಿರಿ. ಯಾರಿಗೆ ಕೈ ಮುಗಿದಿರಿ ಅಂತ ಮಾತ್ರ ಗೊತ್ತಾಗಲಿಲ್ಲ.

ಭಾವ, ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಕೊಡಿಸಿದ್ದು ನೀವು, ಆ ಉಪಕಾರ ಮರೆತಿಲ್ಲ. ಆದರೆ ನೀವು ಹೋದಾಗ ಅವರು ಕುರ್ಚಿ ಎಳೆದು ಕೂರಿಸಿ ಚಾ ತರಿಸುತ್ತಾರೆ. ಇವಳು ಅವರ ಹತ್ತಿರ ಸಂಬಳಕ್ಕೆ ನಿಂತವಳು. ನಿಮಗೆ ಕಾಣುವ ಮನುಷ್ಯನೇ ಬೇರೆ, ಇವಳಿಗೆ ಕಾಣುವ ಮನುಷ್ಯನೇ ಬೇರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕೂಸು ಹತ್ತು ತಿಂಗಳು ಬಾಯಿ ಬಿಡದೇ ಇದ್ದದ್ದು 'ಮಾವನ ಮುಖ ಹೋಗುತ್ತದೆ' ಅಂತ ಅಂತೆ. ಇದನ್ನು ನಿಮಗೆ ಹೇಳಲೇಬೇಕಿತ್ತು.

ಈಗ ನನ್ನ ಕಥೆ. ಇಲ್ಲಿ ಅರ್ಧ ಜನಕ್ಕೆ ಗೊತ್ತು, ಪೂರ್ತಿ ಯಾರಿಗೂ ಗೊತ್ತಿಲ್ಲ. ಮದುವೆಗೆ ಮುಂಚೆ ಆರು ವರ್ಷ ಇಲ್ಲೇ ಪೇಟೆಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೊದಲ ನಾಲ್ಕು ವರ್ಷ ಹಳೇ ಯಜಮಾನರು. ಭಾರೀ ಕಟ್ಟುನಿಟ್ಟು. ಹತ್ತು ಗಂಟೆಗೆ ಹತ್ತು ನಿಮಿಷ ತಡವಾದರೆ ಗಡಿಯಾರ ನೋಡುತ್ತಿದ್ದರು, ಮಾತಾಡುತ್ತಿರಲಿಲ್ಲ. ಕೂಡುವ ಲೆಕ್ಕ ತಪ್ಪಿದರೆ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ವಹಿ ನನ್ನ ಕಡೆ ತಳ್ಳಿ 'ಇನ್ನೊಂದು ಸಲ ಕೂಡು' ಅನ್ನುತ್ತಿದ್ದರು. ಸರಿ ಮಾಡಿದರೆ ಅಲ್ಲಿಗೆ ಮುಗಿಯಿತು. ನಾನು ಅವರಿಗೆ ಹೆದರುತ್ತಿದ್ದೆ, ಆದರೆ ರಾತ್ರಿ ನಿದ್ದೆ ಬರುತ್ತಿತ್ತು.

ಆಮೇಲೆ ಅವರ ಮಗ ಬಂದು ಕೂತ. ಅದೇ ಗಾದಿ, ಅದೇ ವಹಿ. ಇವನ ಬೈಗುಳಕ್ಕೆ ಮಾತ್ರ ಕೊನೆ ಅಂತ ಇರಲಿಲ್ಲ. ಬೆಳಿಗ್ಗೆ ಒಂದು ಹೇಳುವುದು, ಸಂಜೆ 'ನಾನು ಹೇಳಲೇ ಇಲ್ಲ' ಅನ್ನುವುದು. ಒಂದು ದಿನ ಫೋನಿನಲ್ಲಿ ಮಾತಾಡುತ್ತಲೇ ನನ್ನ ಕಡೆ ಕೈ ಮಾಡಿ 'ಹಮಾಲಿ ಹೋದ ವಾರದ್ದೇ ಹಾಕು' ಅಂದ. ಹಮಾಲಿ ಅಂದರೆ ಚೀಲ ಹೊರುವ ಕೂಲಿ. ಹಾಕಿದೆ. ಸಂಜೆ ರಾಶಿ ಅಡಿಕೆ ತಂದ ರೈತರೊಬ್ಬರು ಲೆಕ್ಕದ ಚೀಟಿ ಕೇಳಲು ಬಂದಾಗ, ಅವರೆದುರೇ, 'ಇದು ಯಾರು ಹೇಳಿದ್ದು ನಿನಗೆ? ಓದಿದವಳು ಅಂತ ಇಟ್ಟುಕೊಂಡರೆ ಹಣೆಬರಹ ಇದು' ಅಂತ ಶುರು ಮಾಡಿದ. 'ನೀವೇ ಬೆಳಿಗ್ಗೆ...' ಅಂದೆ. 'ನಾನಾ?' ಅಂದ. ಅಲ್ಲೇ ಪಕ್ಕದಲ್ಲಿ ಒಬ್ಬ ಹಮಾಲ ಗೋಣಿಚೀಲದ ಬಾಯಿ ಹೊಲಿಯುತ್ತಿದ್ದ. ಬೆಳಿಗ್ಗೆಯೂ ಅಲ್ಲೇ ಇದ್ದ. ದಬ್ಬಣ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಹೊಲಿಯತೊಡಗಿದ, ತಲೆ ಎತ್ತಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ನನ್ನ ಹತ್ತಿರ ಬಂದು 'ಅವ್ರು ಹೇಳಿದ್ದು ನಾ ಕೇಳಿದ್ದೆ ಅಕ್ಕೋರೇ, ಆದ್ರೆ ನಂದೂ ಹೊಟ್ಟೆಪಾಡು' ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ನಿನ್ನ ಜೊತೆ ಕೆಲಸ ಮಾಡುವವರು ಸುಮ್ಮನಿದ್ದಾರೆ ಅಂತ ಬರೆದಿದ್ದೀಯಲ್ಲ, ಅವರನ್ನೂ ಹೀಗೇ ನೋಡು.

ಆ ಕಾಲದಲ್ಲಿ ಭಾನುವಾರ ದೀಪ ಹಚ್ಚುವ ಹೊತ್ತಿಗೆ ನನಗೆ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಆಯಿ ಪಿತ್ತ ಅಂತ ಮುರುಗಲು ಪಾನಕ ಮಾಡಿ ಕೊಡುತ್ತಿದ್ದಳು. ಪಿತ್ತ ಆಗಿದ್ದರೆ ಬರೀ ಭಾನುವಾರ ಯಾಕೆ ಬರಬೇಕು ಅಂತ ನಮಗಿಬ್ಬರಿಗೂ ಹೊಳೆಯಲಿಲ್ಲ, ನೋಡು.

ಆ ಹಮಾಲಿ ಗಲಾಟೆಯ ಮರುದಿನ ನೂರು ಪುಟದ ಒಂದು ಪಟ್ಟಿ ತಂದೆ. ಶಾಲೆ ಮಕ್ಕಳದ್ದು, ಮೇಲೆ ಮಗ್ಗಿ ಇರುತ್ತದಲ್ಲ, ಅದು. ಮೊದಲ ಎರಡು ಪುಟ ಬರೀ ಬೈಗುಳ ಬರೆದೆ, ಅವನ ಏಳು ತಲೆಮಾರು ಬಿಡಲಿಲ್ಲ. ಮನಸ್ಸಿಗೆ ಹಗುರ ಆಯಿತು ಬಿಟ್ಟರೆ ಕೆಲಸಕ್ಕೆ ಬರಲಿಲ್ಲ. ಮೂರನೇ ದಿನದಿಂದ ಲೆಕ್ಕ ಬರೆಯುವ ಹಾಗೆ ಬರೆದೆ: ತಾರೀಖು, ಹೊತ್ತು, ಏನು ಹೇಳಿದ, ಯಾರಿದ್ದರು, ನಾನು ಏನು ಮಾಡಿದೆ. ನನ್ನದೇ ತಪ್ಪಿದ್ದರೆ ಅದನ್ನೂ ಬರೆದೆ, ಅದು ಮುಖ್ಯ. ತಿಂಗಳ ಕೊನೆಗೆ ಕೂಡಿ ನೋಡಿದರೆ 17 ಸಲ ಬೈದಿದ್ದ. ಅದರಲ್ಲಿ ನಿಜವಾಗಿ ನಾನು ತಪ್ಪಿದ್ದು ಮೂರೇ ಮೂರು. ಇನ್ನೂ ಒಂದು ಕಂಡಿತು. ಬೈದ ದಿನಗಳ ಪಕ್ಕ ಆ ದಿನದ ಅಡಿಕೆ ದರ ಬರೆದು ನೋಡಿದೆ, ಸುಮ್ನೆ, ಕೈಯಲ್ಲಿ ದರದ ವಹಿ ಇತ್ತಲ್ಲ. ಹೆಚ್ಚು ಕಡಿಮೆ ಎಲ್ಲವೂ ದರ ಬಿದ್ದ ದಿನಗಳು! ನಾನು ಎರಡು ವರ್ಷ 'ನನ್ನಲ್ಲಿ ಏನು ಕೊರತೆ' ಅಂತ ಹುಡುಕಿದೆ, ಕೊರತೆ ಇದ್ದದ್ದು ಚಾಲಿ ಅಡಿಕೆಯ ದರದಲ್ಲಿ. ಅವತ್ತಿನಿಂದ ದರ ಬಿದ್ದ ದಿನ ಯಾವ ಕಾಗದವನ್ನೂ ಸಹಿಗೆ ಒಯ್ಯಲಿಲ್ಲ. ಬೈಗುಳ ನಿಲ್ಲಲಿಲ್ಲ, ಆದರೆ ಮೈಗೆ ಅಂಟುವುದು ನಿಂತಿತು.

ಹಾಗಾಗಿ ನೀನೂ ಒಂದು ತಿಂಗಳು ಬರೆ. ಅವರು ಕಟ್ಟುನಿಟ್ಟಿನವರೋ ಕೆಟ್ಟವರೋ ಅಂತ ಇವತ್ತೇ ತೀರ್ಮಾನ ಮಾಡಬೇಡ, ಅಣ್ಣ ಭಾವ ಹೇಳಿದ್ದನ್ನೂ ಸದ್ಯ ಬದಿಗಿಡು. ತಪ್ಪು ಯಾವುದು ಅಂತ ತೋರಿಸಿ ಬೈದರಾ, ಇಲ್ಲಾ 'ನಿನ್ನ ಜಾಗಕ್ಕೆ ಹತ್ತು ಜನ ಸಾಲಲ್ಲಿದ್ದಾರೆ' ಅಂತ ನಿನ್ನನ್ನೇ ಬೈದರಾ, ಅದನ್ನು ನೋಡಿಕೋ. ಪಟ್ಟಿ ರೂಮಿನಲ್ಲಿರಲಿ, ಆಫೀಸಿನ ಡ್ರಾದಲ್ಲಿ ಬೇಡ, ಆಫೀಸಿನ ಕಂಪ್ಯೂಟರಿನಲ್ಲಂತೂ ಬೇಡವೇ ಬೇಡ. ಬಾಯಲ್ಲಿ ಹೇಳಿದ ಕೆಲಸಕ್ಕೆ ತಕ್ಷಣ ಒಂದು ಸಾಲು ವಾಟ್ಸಾಪ್ ಹಾಕು. 'ಸರ್, ನೀವು ಹೇಳಿದಂತೆ ಆ ಬಿಲ್ ಸೋಮವಾರದವರೆಗೆ ತಡೆದಿದ್ದೇನೆ' ಅಂತ, ಅಷ್ಟೇ. ಕೊಂಕು ಬೇಡ. ನಮ್ಮ ಕಾಲದಲ್ಲಿ ಇದು ಇರಲಿಲ್ಲ, ನಾನು ಗಟ್ಟಿಯಾಗಿ ನಾಲ್ಕು ಜನ ಕೇಳುವ ಹಾಗೆ 'ಹಾಗಾದರೆ ಹೋದ ವಾರದ್ದೇ ಬರೆಯುತ್ತೇನೆ, ಸರಿಯಾ?' ಅಂತ ಕೇಳುತ್ತಿದ್ದೆ. ಅವನಿಗೆ ಅದು ಕಂಡರಾಗುತ್ತಿರಲಿಲ್ಲ.

ರಾತ್ರಿ ಹತ್ತೂವರೆ ಫೋನಿಗೆ ಒಮ್ಮೆಲೇ ಜಗಳ ಬೇಡ. ಎತ್ತಬೇಡ, ಹತ್ತು ನಿಮಿಷ ಬಿಟ್ಟು 'ಬೆಳಿಗ್ಗೆ ಬಂದ ಕೂಡಲೇ ಮಾಡುತ್ತೇನೆ ಸರ್' ಅಂತ ಹಾಕು. ಎರಡು ವಾರ ನೋಡು.

ಕಾಯ್ದೆ ವಿಷಯ ಚುಟುಕಾಗಿ. ತಿಂಗಳ ಸಂಬಳ ಮರು ತಿಂಗಳು 7ರೊಳಗೆ ಕೊಡಬೇಕು, 20ಕ್ಕೆ ಅಲ್ಲ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ನಿನ್ನಂಥ ಖಾಸಗಿ ಆಫೀಸಿಗೂ ಅದೇ. ಕೆಲಸಕ್ಕೆ ಸೇರಿದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು ಅಂತ ಅದರಲ್ಲೇ ಇದೆ, ನಿನಗೆ ಕೊಟ್ಟಿದ್ದಾರಾ? ಆರು ತಿಂಗಳು ದಾಟಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಕೊಡದೆ ತೆಗೆಯುವ ಹಾಗಿಲ್ಲ. ನಿನಗೆ ಹತ್ತು ತಿಂಗಳಾಯಿತು, ಅಲ್ವಾ? ಹಾಗಾಗಿ 'ನಾಳೆಯಿಂದ ಬರಬೇಡ' ಅನ್ನುವುದಕ್ಕೆ ಅಷ್ಟೊಂದು ಹೆದರಬೇಡ. ಪಿಎಫ್ ಹಿಡಿಯುತ್ತಿದ್ದರೆ ಉಮಂಗ್ ಆ್ಯಪಿನಲ್ಲಿ ಪಾಸ್‌ಬುಕ್ ತೆಗೆದು ನೋಡು, ಹಿಡಿದದ್ದು ಕಟ್ಟಿದ್ದಾರಾ ಅಂತ. ಕಾರ್ಮಿಕ ಇಲಾಖೆ ಕಚೇರಿ ಕಾರವಾರದಲ್ಲೇ ಇದೆ. ದೂರು ಕೊಡಲೇಬೇಕು ಅಂತಿಲ್ಲ, ಮೊದಲು ಹೋಗಿ ಕೇಳಿಕೊಂಡು ಬಾ.

ಸೇರುವಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಸಿದುಕೊಂಡರು ಅಂತ ನಿನ್ನ ಆಯಿ ಹೇಳಿದಳು. ಇದು ನನಗೆ ಕೂಗಾಟಕ್ಕಿಂತ ಜಾಸ್ತಿ ಕಿರಿಕಿರಿ ಆಯಿತು. ನೋಡಿ ವಾಪಸ್ ಕೊಡುವ ಕಾಗದ ಅದು. ರಾಜೀನಾಮೆ ಮಾತು ಎತ್ತುವ ಮೊದಲೇ ಅದು ನಿನ್ನ ಕೈಗೆ ಬರಬೇಕು. ಭಾವ, ಇದೊಂದು ನಿಮ್ಮ ಕೆಲಸ. 20 ವರ್ಷದ ಪರಿಚಯ ಇಂಥದ್ದಕ್ಕೇ ಅಲ್ವಾ? 'ಕೂಸಿಗೆ ಬ್ಯಾಂಕ್ ಪರೀಕ್ಷೆಗೆ ಬೇಕು' ಅಂತ ಕೇಳಿ.

ಇನ್ನೊಂದು ಮಾತು ಗ್ರೂಪಿನಲ್ಲಿ ಕೇಳಬಾರದು, ಆದರೂ ಎಲ್ಲ ಹೆಣ್ಣುಮಕ್ಕಳಿಗೂ ಆಗುತ್ತದೆ ಅಂತ ಹೇಳುತ್ತೇನೆ. ಬೈಗುಳ ಬಿಟ್ಟು ಬೇರೆ ಥರದ ಮಾತು, ಬೇರೆ ಥರದ ಮೆಸೇಜ್ ಇದ್ದರೆ ಅದಕ್ಕೆ ಪಟ್ಟಿ ತುಂಬುವವರೆಗೆ ಕಾಯಬೇಡ. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾನೂನೇ ಬೇರೆ ಇದೆ. ಹತ್ತು ಜನ ಅಥವಾ ಜಾಸ್ತಿ ಇರುವ ಆಫೀಸಿನಲ್ಲಿ ಅಂಥ ದೂರು ಕೇಳುವ ಸಮಿತಿ ಇರಬೇಕು, ಅದಕ್ಕಿಂತ ಸಣ್ಣದಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದು. ನನಗೊಬ್ಬಳಿಗೇ ಮೆಸೇಜ್ ಮಾಡು. ಏನೂ ಇಲ್ಲದಿದ್ದರೆ 'ಇಲ್ಲ' ಅಂತ ಹಾಕು, ನನಗೆ ನಿದ್ದೆ ಬರಲಿ. ನಿನಗೇ ನಿದ್ದೆ ಬರುತ್ತಿಲ್ಲ ಅಂದರೆ ಟೆಲಿ ಮನಸ್ ಅಂತ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಯಾವ ಹೊತ್ತಿಗೂ ಮಾಡಬಹುದು, ದುಡ್ಡಿಲ್ಲ.

ಬಿಡುವುದಾ ಇರುವುದಾ ಅಂತ ನಾನು ಹೇಳುವುದಿಲ್ಲ. ನಾನು ಬಿಟ್ಟೆ. ಆದರೆ ಸಿಟ್ಟಿನಲ್ಲಿ ಅಲ್ಲ, ಐದು ತಿಂಗಳು ಒಳಗೊಳಗೇ ಬೇರೆ ಕಡೆ ನೋಡಿ, ಒಂದು ಶಾಲೆಯ ಆಫೀಸಿನಲ್ಲಿ ಸಿಕ್ಕಿದ ಮೇಲೆ. ಸಂಬಳ 300 ರೂಪಾಯಿ ಕಡಿಮೆ. ಆಯಿ ವಾರಗಟ್ಟಲೆ ಆ 300ರ ಲೆಕ್ಕವನ್ನೇ ಹೇಳಿದಳು. ಹಳೇ ಯಜಮಾನರು ಮಾತ್ರ ಮನೆಗೆ ಕರೆದು ಎಲೆ ಅಡಿಕೆಯ ಕವಳದ ತಟ್ಟೆ ಮುಂದಿಟ್ಟು, ಏನೂ ಕೇಳದೆ, ತುಂಬ ಹೊತ್ತು ಅಡಿಕೆ ಕತ್ತರಿಸುತ್ತಾ ಕೂತಿದ್ದರು.

ಶನಿವಾರ ಬಸ್ ಹತ್ತು. ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದಿದೆ ಅಂದರೆ ಯಲ್ಲಾಪುರದ ಮೇಲೆ ಬಾ. ತೆಳ್ಳೇವು ದೋಸೆ ಮಾಡುತ್ತೇನೆ. ಬರುವಾಗ ಆ ಹತ್ತು ತಿಂಗಳ ಸಂಬಳ ಯಾವ್ಯಾವ ತಾರೀಖಿಗೆ ಬಂತು ಅಂತ ಬ್ಯಾಂಕಿನ ಕಾಗದ ತೆಗೆಸಿಕೊಂಡು ಬಾ, ಮೊದಲ ಪುಟ ಕೂತು ಬರೆಯೋಣ. ಪಟ್ಟಿ ನಾನೇ ತಂದಿಟ್ಟಿರುತ್ತೇನೆ.