ಚಿಕ್ಕಮ್ಮಾ, ಮರಿಯ ಕಣ್ಣಿಗೆ ಕಾಯಬೇಡಿ

ಚಿಕ್ಕಮ್ಮಾ, ನೀವು ಬೆಳಿಗ್ಗೆ ಮನೆಯವರ ಗ್ರೂಪಿಗೆ ಹಾಕಿದ ಬೆಕ್ಕಿನಮರಿಯ ಫೋಟೋ ಈಗಷ್ಟೇ ನೋಡಿದೆ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ. ಹುಟ್ಟಿ 11 ದಿನ ಆಯ್ತು, ಒಂದು ಕಣ್ಣು ಬಿಟ್ಟಿದೆ, ಇನ್ನೊಂದಕ್ಕೆ ಎರಡು ದಿನ ಕಾಯಬಹುದಾ ಅಂತ ಕೇಳಿದ್ದೀರಿ. ಬೇಡ, ಕಾಯಬೇಡಿ. ಇವತ್ತೇ ಬದಿಯಡ್ಕದ ಮೃಗಾಸ್ಪತ್ರೆಗೆ ಹೋಗಿ.

ಮರಿ ಕಣ್ಣು ಬಿಡಲಿಕ್ಕೆ 7ರಿಂದ 14 ದಿನ ಬೇಕು, ನಿಜ. ಒಂದು ಮೊದಲು, ಇನ್ನೊಂದು ಮರುದಿನ ಬಿಡುವುದೂ ಉಂಟು. ಆದರೆ ಫೋಟೋ ದೊಡ್ಡದು ಮಾಡಿ ನೋಡಿ. ಆ ಮುಚ್ಚಿದ ರೆಪ್ಪೆ ಒಳಗೆ ಹೆಸರುಕಾಳು ಇಟ್ಟ ಹಾಗೆ ಉಬ್ಬಿದೆ. ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಗೀಜು ಕಾಣುತ್ತದೆ, ಅಲ್ವಾ? ಒಳಗೆ ಕೀವು ತುಂಬಿದೆ. ಹೊರಗೆ ಬರಲಿಕ್ಕೆ ದಾರಿ ಸಿಗದಿದ್ದರೆ ಅದು ಕಣ್ಣನ್ನೇ ಹಾಳು ಮಾಡುತ್ತದೆ.

ಅತ್ತೆ, ನೀವು ನಂದಿಬಟ್ಟಲು ಹೂವಿನ ರಸ ಬಿಡಿ ಅಂದಿದ್ದೀರಿ. ಚಿಕ್ಕಂದಿನಲ್ಲಿ ನಮಗೆಲ್ಲ ನೀವೇ ಬಿಟ್ಟದ್ದು ನೆನಪುಂಟು. ಆದರೆ ಈ ಮರಿಗೆ ಬೇಡ. ಮನೆಯಲ್ಲಿ ಉಳಿದ ಡ್ರಾಪ್ಸ್ ಅಂತೂ ಬೇಡವೇ ಬೇಡ. ಹೋದ ಮಳೆಗಾಲ ನಮ್ಮ ಸೌದೆ ಕೊಟ್ಟಿಗೆಯ ಮರಿಗೂ ಹೀಗೇ ಆಗಿತ್ತು. ಅಪ್ಪನ ಪೊರೆ ಆಪರೇಷನ್ನಿಗೆ ಕೊಟ್ಟ ಡ್ರಾಪ್ಸನ್ನು ನಾನು ಎರಡು ದಿನ ಬಿಟ್ಟೆ. ಮೂರನೇ ದಿನ ಕಣ್ಣು ಗಂಜಿತಿಳಿಯ ಬಣ್ಣಕ್ಕೆ ತಿರುಗಿತು. ಅದರಲ್ಲಿ ಸ್ಟಿರಾಯ್ಡ್ ಇತ್ತು. ಕಣ್ಣಿನ ಮೇಲೆ ಗಾಯ ಇದ್ದರೆ ಸ್ಟಿರಾಯ್ಡ್ ಅದನ್ನು ಮಾಯಲಿಕ್ಕೆ ಬಿಡುವುದಿಲ್ಲ. ಈಗಲೂ ಎಡಗಡೆಯಿಂದ ಯಾರಾದರೂ ಹೋದರೆ ಆ ಬೆಕ್ಕು ಬೆಚ್ಚಿಬೀಳುತ್ತದೆ. ನೋಡುವಾಗಲೆಲ್ಲ ನನಗೆ ಸಂಕಟ.

ಹೊರಡುವ ಮೊದಲು ಇಷ್ಟು ಮಾಡಿ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ಕುದಿಸಿ, ಉಗುರು ಬೆಚ್ಚಗಾಗಲಿ. ಹತ್ತಿ ಅದ್ದಿ ಹಿಂಡಿ, ರೆಪ್ಪೆಯ ಮೇಲೆ ಎರಡು ನಿಮಿಷ ಸುಮ್ನೆ ಇಟ್ಟುಕೊಳ್ಳಿ. ಗೀಜು ಮೆತ್ತಗಾದ ಮೇಲೆ ಮೂಗಿನ ಕಡೆಯಿಂದ ಹೊರಗೆ ಒರೆಸಿ. ಎರಡು ಕಣ್ಣಿಗೂ ಬೇರೆ ಬೇರೆ ಹತ್ತಿ. ರೆಪ್ಪೆ ಎಳೆದು ಬಿಡಿಸಲಿಕ್ಕೆ ಹೋಗಬೇಡಿ, ಅದನ್ನು ಡಾಕ್ಟರೇ ಮಾಡಲಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಉಳಿದ ಮರಿಗಳ ಕಣ್ಣು, ಮೂಗು ಕೂಡ ನೋಡಿ. ತಾಯಿಗೆ ಸೀನು ಉಂಟಾ? ಇದ್ದರೆ ಅವಳಿಂದಲೇ ಬಂದಿರಬಹುದು. ಆದರೂ ಮರಿಗಳನ್ನು ಅವಳಿಂದ ಬೇರೆ ಮಾಡಬೇಡಿ, ಹಾಲು ಮುಖ್ಯ. ಮೂಗು ಕಟ್ಟಿದ ಮರಿ ಹಾಲು ಕುಡಿಯುವುದು ಬಿಡುತ್ತದೆ, ಆಗ ಕಣ್ಣಿಗಿಂತ ಜೀವದ್ದೇ ಚಿಂತೆ.

ಬುಟ್ಟಿಯಲ್ಲಿ ಹಳೆ ಪಂಚೆ ಹಾಸಿ. ಬೆಚ್ಚಗಿನ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮರಿಯ ಹತ್ತಿರ ಇಡಿ. ಇಷ್ಟು ಸಣ್ಣ ಮರಿಗೆ ಮೈ ಬಿಸಿ ತಾನಾಗಿ ನಿಲ್ಲುವುದಿಲ್ಲ. ಡಾಕ್ಟರ ಹತ್ತಿರ ಮಲಯಾಳದಲ್ಲಿ ಹೇಳಲಿಕ್ಕೆ ಕಷ್ಟ ಆದರೆ ಫೋನು ಅವರ ಕೈಗೆ ಕೊಡಿ, ನಾನು ಮಾತಾಡುತ್ತೇನೆ. ಬದಿಯಡ್ಕಕ್ಕೆ ರಿಕ್ಷಾ ಸಿಗದಿದ್ದರೆ ಹೇಳಿ, ಸ್ಕೂಟರ್ ತೆಗೆದುಕೊಂಡು ಈಗಲೇ ಹೊರಡುತ್ತೇನೆ.