ವಾರಕ್ಕೊಮ್ಮೆ ಲ್ಯಾನ್ ನಿಂತುಹೋಗುತ್ತದೆ, ರೀಬೂಟ್ ಮಾಡಿದರೆ ಸರಿ (ಫ್ರೀಬಿಎಸ್‌ಡಿ 11 ಆಪರೇಟಿಂಗ್ ಸಿಸ್ಟಂ)

ಮಲ್ಪೆ_ಸ್ಟುಡಿಯೋ:
ಸಾಕಾಗಿ ಹೋಗಿದೆ. ಮಲ್ಪೆಯಲ್ಲಿ ನಮ್ಮದು ಫೋಟೋ ಸ್ಟುಡಿಯೋ. ರೂಟರ್‌ಗೂ ಫೈಲ್ ಇಡಲಿಕ್ಕೂ ಒಂದೇ ಹಳೇ ಡೆಸ್ಕ್‌ಟಾಪ್. ಆರೇಳು ದಿನ ಚೆನ್ನಾಗಿ ಓಡುತ್ತದೆ. ಆಮೇಲೆ ಪಿಂಗ್ ಕೂಡ ಬರುವುದಿಲ್ಲ. ಕಾರ್ಡಿನ ಲೈಟ್ ಮಾತ್ರ ಮಿನುಗುತ್ತಲೇ ಇರುತ್ತದೆ. ನಿನ್ನೆ ಮದುವೆ ವಿಡಿಯೋ ಕಾಪಿ ಆಗುವಾಗಲೇ ನಿಂತಿತು, ಮದುಮಗಳ ಅಪ್ಪ ಎದುರಿಗೇ ಕೂತಿದ್ದರು. ಎಂತ ಮಾಡುವುದು?

ಕುಡ್ಲ_ಕರೆಂಟ್:
ಮಳೆಗಾಲ ಅಲ್ವಾ, ಅರ್ತಿಂಗ್ ನೋಡಿಸಿ. ಮಲ್ಪೆಯ ಉಪ್ಪುಗಾಳಿಗೆ ಕೇಬಲ್ಲಿನ ಪಿನ್ ಹಸಿರುಗಟ್ಟಿರುತ್ತದೆ.

ಸುರತ್ಕಲ್_ಬಿಎಸ್‌ಡಿ:
ಪಿನ್ ಹಾಳಾಗಿದ್ದರೆ ರೀಬೂಟಿಗೆ ಸರಿಯಾಗುವುದು ಹೇಗೆ ಮಾರಾಯ್ರೆ? ಇದು ಎಂಬಫ್ (ಪ್ಯಾಕೆಟ್ ಇಡಲು ಸಿಸ್ಟಂ ಬಳಸುವ ಮೆಮೊರಿ ತುಂಡು) ಮುಗಿದದ್ದು. ಪ್ಯಾಕೆಟ್ ಬರುವ ಮೊದಲೇ ಡ್ರೈವರ್ ಖಾಲಿ ಬಫರ್‌ಗಳನ್ನು ಸಾಲಾಗಿ ಇಟ್ಟಿರಬೇಕು. ಬಂದ ಪ್ಯಾಕೆಟ್ ಬಫರ್ ಸಮೇತ ಮೇಲೆ ಹೋಗುತ್ತದೆ, ಆ ಜಾಗಕ್ಕೆ ಇನ್ನೊಂದು ಖಾಲಿ ಬಫರ್ ಬರಬೇಕು. ಸಿಗದಿದ್ದರೆ ಕಾರ್ಡಿಗೆ ಬರೆಯಲು ಜಾಗವೇ ಇಲ್ಲ. ಎನ್‌ಎಂಬಿಕ್ಲಸ್ಟರ್ಸ್ (ಕ್ಲಸ್ಟರ್ ಎಂಬ ಬಫರ್‌ಗಳ ಗರಿಷ್ಠ ಸಂಖ್ಯೆ) ಹತ್ತು ಲಕ್ಷಕ್ಕೆ ಏರಿಸಿ.

ಮಲ್ಪೆ_ಸ್ಟುಡಿಯೋ:
ಏರಿಸಿದೆ. ಕೇಬಲ್ ಕೂಡ ಬದಲಿಸಿದೆ. ಏಳನೇ ದಿನ ಮತ್ತೆ ಅದೇ.

ಸುರತ್ಕಲ್_ಬಿಎಸ್‌ಡಿ:
ಇಪ್ಪತ್ತು ಲಕ್ಷ ಮಾಡಿ.

ಮಣಿಪಾಲ_ಟಕ್ಸ್:
ಸುಮ್ನೆ ಲಿನಕ್ಸ್ ಹಾಕಿ. ಎಂಬಫ್ ಎಂದರೆ 1980ರ ದಶಕದ 128 ಬೈಟಿನ ತುಂಡುಗಳ ಸರಪಳಿ.

ಸುರತ್ಕಲ್_ಬಿಎಸ್‌ಡಿ:
128 ಇದ್ದದ್ದು ಆಗ. ಈಗ 256. ಸಣ್ಣ ಪ್ಯಾಕೆಟ್ ಅದರೊಳಗೇ ಹಿಡಿಸುತ್ತದೆ, ದೊಡ್ಡದಕ್ಕೆ 2048 ಬೈಟಿನ ಕ್ಲಸ್ಟರ್ ಜೋಡಿಸುತ್ತಾರೆ. ನಿಮ್ಮ ಲಿನಕ್ಸಿನ ಬಫರ್ ಆದ ಎಸ್‌ಕೆ‌ಬಫ್‌ನಲ್ಲಿ ಲೆಕ್ಕಪತ್ರಕ್ಕೇ 200 ಬೈಟಿಗಿಂತ ಜಾಸ್ತಿ ಹೋಗುತ್ತದೆ, ಡೇಟಾಕ್ಕೆ ಬೇರೆ ಜಾಗ.

ಮಣಿಪಾಲ_ಟಕ್ಸ್:
ಬೇರೆ ಇಟ್ಟದ್ದರಿಂದಲೇ ಒಂದೇ ಡೇಟಾವನ್ನು ಇಬ್ಬರು ಹಂಚಿಕೊಳ್ಳಬಹುದು.

ಸುರತ್ಕಲ್_ಬಿಎಸ್‌ಡಿ:
ಕ್ಲಸ್ಟರ್ ಕೂಡ ಹಂಚಿಕೊಳ್ಳಲು ಆಗುತ್ತದೆ. ಅದನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಎಂದು ಎಣಿಕೆ ಇಡುತ್ತಾರೆ.

ಕುಂದಾಪ್ರ_ರೂಟ್:
ಅವರ ಅಂಗಡಿ ನಿಂತಿದೆ, ನೀವಿಬ್ಬರೂ ಸ್ವಲ್ಪ ತಡೆಯಿರಿ. ಅಣ್ಣ, ನಿಂತಾಗ ರೀಬೂಟ್ ಮಾಡುವ ಮೊದಲು ನೆಟ್‌ಸ್ಟ್ಯಾಟ್ -ಎಂ (ಎಂಬಫ್ ಲೆಕ್ಕ ತೋರಿಸುವ ಕಮಾಂಡ್) ಕೊಟ್ಟು ಬಂದದ್ದನ್ನು ಇಲ್ಲಿ ಹಾಕಿ. ಮತ್ತೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತೆ, ಬೈಟಿನಲ್ಲಿ) ಎಷ್ಟು?

ಮಲ್ಪೆ_ಸ್ಟುಡಿಯೋ:
ಇವತ್ತು ನಿಂತಿತು, ನೋಡಿದೆ. ಕ್ಲಸ್ಟರ್ ಮಿತಿ 20 ಲಕ್ಷ, ಬಳಕೆ 9 ಸಾವಿರ ಚಿಲ್ಲರೆ. ಜಂಬೋ ಕ್ಲಸ್ಟರ್ (2048 ಬೈಟಿಗಿಂತ ದೊಡ್ಡ ಬಫರ್) ಕೇಳಿ ಸಿಗದ ಸಾಲಿನಲ್ಲಿ 0/48211/0. ಎಂಟಿಯು 9000. ದೊಡ್ಡ ಫೈಲ್ ಬೇಗ ಹೋಗಲಿ ಎಂದು ಹೋದ ವರ್ಷ ಹಾಕಿದ್ದೆ. ಅದೇ ಮೆಷಿನ್ನಿನಲ್ಲಿ ಝಡ್‌ಎಫ್‌ಎಸ್ (ಡಿಸ್ಕಿನ ಫೈಲ್ ಸಿಸ್ಟಂ) ಕೂಡ ಉಂಟು, ರ್‍ಯಾಮ್ 8 ಜಿಬಿ.

ಕುಂದಾಪ್ರ_ರೂಟ್:
ಹಾಗಾದರೆ ಮಿತಿ ಏರಿಸಿ ಏನೂ ಪ್ರಯೋಜನವಿಲ್ಲ. ಆ ಮೂರು ಅಂಕಿ 4ಕೆ, 9ಕೆ, 16ಕೆ (ಕಿಲೋಬೈಟ್) ಬಫರಿನದ್ದು. ನಿಮಗೆ ಸಿಗದೇ ಇರುವುದು 9ಕೆ. ಮೆಮೊರಿ ಪುಟ 4ಕೆ, ಆದ್ದರಿಂದ ಒಂದು 9ಕೆ ಬಫರಿಗೆ ಮೂರು ಪುಟ ಅಕ್ಕಪಕ್ಕದಲ್ಲೇ ಬೇಕು. ಕುಂದಾಪುರ-ಮಂಗಳೂರು ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇರುತ್ತದೆ, ಮೂವರು ಒಟ್ಟಿಗೆ ಕೂರುವ ಸೀಟು ಮಾತ್ರ ಒಂದೂ ಇರುವುದಿಲ್ಲ. ಹಾಗೆಯೇ. ದಿನ ಕಳೆದಂತೆ ಮೆಮೊರಿ ಚೂರುಚೂರಾಗುತ್ತದೆ, ಝಡ್‌ಎಫ್‌ಎಸ್ ಇದ್ದರೆ ಇನ್ನೂ ಬೇಗ. ರೀಬೂಟ್ ಆದಾಗ ಇಡೀ ಬಸ್ ಖಾಲಿ. ಎಂಟಿಯು 4000 ಮಾಡಿ, ಆಗ ಡ್ರೈವರ್ ಒಂದೇ ಪುಟದ ಬಫರ್ ತೆಗೆದುಕೊಳ್ಳುತ್ತದೆ. ಲ್ಯಾನಿನ ಎಲ್ಲ ಮೆಷಿನ್ನಿಗೂ ಅದೇ ಅಂಕಿ ಹಾಕಬೇಕು. ಆಗದಿದ್ದರೆ ಎಲ್ಲ ಕಡೆ 1500 ಇರಲಿ.

ಸುರತ್ಕಲ್_ಬಿಎಸ್‌ಡಿ:
ಡ್ರೈವರಿನಲ್ಲಿ ಲೀಕ್ (ತೆಗೆದುಕೊಂಡ ಬಫರ್ ವಾಪಸ್ ಕೊಡದಿರುವುದು) ಇದ್ದರೂ ಹೀಗೇ ಆಗಬಹುದು.

ಕುಂದಾಪ್ರ_ರೂಟ್:
ಲೀಕ್ ಇದ್ದರೆ ಬಳಕೆಯ ಅಂಕಿ ದಿನದಿನಕ್ಕೂ ಏರುತ್ತಾ ಹೋಗಬೇಕು. ಅದು 9 ಸಾವಿರದಲ್ಲೇ ಇದೆ.

ಕುಡ್ಲ_ಕರೆಂಟ್:
ಏನೇ ಆಗಲಿ ಅರ್ತಿಂಗ್ ಬಿಡಬೇಡಿ. ನಮ್ಮ ಮನೆಯಲ್ಲಿ ತಾಮ್ರದ ಪ್ಲೇಟ್ ಹೂಳಿಸಿ, ಎರಡು ಯುಪಿಎಸ್ ಇಟ್ಟಿದ್ದೇನೆ. ಮೊನ್ನೆಯ ಸಿಡಿಲಿಗೆ ಪಕ್ಕದ ಮನೆಯ ಟಿವಿ ಹೋಯಿತು, ನಮ್ಮದು ಒಂದೂ ಹೋಗಲಿಲ್ಲ.

ಮಣಿಪಾಲ_ಟಕ್ಸ್:
ಯುಪಿಎಸ್ ಯಾವುದು? ನಾನೂ ಒಂದು ಹುಡುಕುತ್ತಿದ್ದೇನೆ. ನಾಲ್ಕು ಡಿಸ್ಕ್, 10 ಗಿಗಾಬಿಟ್ ಕಾರ್ಡ್, ಎಲ್ಲ ಒಂದೇ ರ್‍ಯಾಕಿನಲ್ಲಿ.

ಮಲ್ಪೆ_ಸ್ಟುಡಿಯೋ:
ಎಲ್ಲ ಕಡೆ 4000 ಹಾಕಿ ಇವತ್ತಿಗೆ ಹದಿನೇಳು ದಿನ. ಸಿಗದ ಸಾಲಿನ ಮೂರೂ ಅಂಕಿ ಸೊನ್ನೆ. ಕಾಪಿ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕುಂದಾಪ್ರದವರಿಗೆ ತುಂಬಾ ಥ್ಯಾಂಕ್ಸ್.

ಕುಡ್ಲ_ಕರೆಂಟ್:
@ಮಣಿಪಾಲ_ಟಕ್ಸ್ ರ್‍ಯಾಕಿನ ಫೋಟೋ ಹಾಕಿ, ಲೋಡ್ ಎಷ್ಟು ವ್ಯಾಟ್ ಅಂತಲೂ ಹೇಳಿ.