ಸ್ಪರ್ಧಿಯ ಕಾರಲ್ಲೇ ಟೈರ್ ಟೆಸ್ಟ್ ಮಾಡಿಸಿದರೆ ಉಳಿದವರಿಗೆ ಅನ್ಯಾಯ ಆಗುತ್ತಾ?

ಮಂಡ್ಯ_ಆಟೋಕ್ರಾಸ್:
ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರ ಮಣ್ಣಿನ ಟ್ರ್ಯಾಕಲ್ಲಿ ಆಟೋಕ್ರಾಸ್ (ಟೈಮ್ ನೋಡಿ ಗೆಲ್ಲೋ ಕಾರ್ ರೇಸ್) ಮಾಡೋಕೆ ನಿಯಮ ಬರೀತಿದ್ದೀವಿ. ಎಲ್ಲ ಕಾರಿಗೂ ಒಂದೇ ಟೈರ್. ಎರಡು ಕಾಂಪೌಂಡ್ (ರಬ್ಬರ್ ಮಿಶ್ರಣ) ಇದೆ, ಟೆಸ್ಟ್ ಮಾಡಿ ಒಂದನ್ನ ಆರಿಸಬೇಕು. ಟೈರ್ ಕೊಡುವವರು ಒಬ್ಬ ಸ್ಪರ್ಧಿಯ ಕಾರು ಕೇಳಿದ್ದಾರೆ. ಅವನಿಗೆ ಮೊದಲೇ ಎಲ್ಲ ಗೊತ್ತಾಗಿಬಿಡುತ್ತೆ ಅಂತ ಉಳಿದವರು ತಕರಾರು ತೆಗೆದಿದ್ದಾರೆ. ಏನಂತ ಬರೆಯೋಣ?

ಕುವೆಂಪುನಗರ_ಪಿಟ್:
ತಕರಾರಲ್ಲಿ ಹುರುಳಿದೆ ಸಾರ್. 2013ರಲ್ಲಿ ಫಾರ್ಮುಲಾ ಒನ್‌ನಲ್ಲಿ ಆಗಿದ್ದೂ ಇದೇ. ಮೇ 15ರಿಂದ 17ರವರೆಗೆ ಬಾರ್ಸಿಲೋನಾದಲ್ಲಿ ಟೈರ್ ಕೊಡೋ ಕಂಪನಿ ಪಿರೆಲ್ಲಿಗಾಗಿ ಮರ್ಸಿಡಿಸ್ ಟೀಮು ಸುಮಾರು 1000 ಕಿ.ಮೀ. ಓಡಿಸಿತು. ಕಾರು ಅದೇ ವರ್ಷದ್ದು, ಓಡಿಸಿದವರು ಟೀಮಿನ ರೇಸ್ ಡ್ರೈವರ್‌ಗಳಾದ ಹ್ಯಾಮಿಲ್ಟನ್ ಮತ್ತು ರಾಸ್‌ಬರ್ಗ್. ಸೀಸನ್ ನಡುವೆ ಆ ವರ್ಷದ ಕಾರನ್ನ ಹಾಗೆ ಓಡಿಸೋ ಹಾಗಿರಲಿಲ್ಲ. ಮೊನಾಕೊ ರೇಸ್ ವೇಳೆ ರೆಡ್ ಬುಲ್, ಫೆರಾರಿ ಟೀಮುಗಳು ದೂರು ಕೊಟ್ಟವು. ಫೆರಾರಿಯೂ ಪಿರೆಲ್ಲಿಗೆ ಟೆಸ್ಟ್ ಮಾಡಿಕೊಟ್ಟಿತ್ತು, ಆದರೆ 2011ರ ಕಾರಲ್ಲಿ, ಹಾಗಾಗಿ ಅದರ ಮೇಲೆ ಕ್ರಮ ಆಗಲಿಲ್ಲ.

ಯಾವ ಟೈರ್ ಹಾಕಿದ್ರು ಅಂತ ನಮಗೆ ಹೇಳಿರಲೇ ಇಲ್ಲ ಅನ್ನೋದು ಮರ್ಸಿಡಿಸ್ ವಾದ. ಎಫ್‌ಐಎ (ಕಾರ್ ರೇಸಿನ ವಿಶ್ವ ಸಂಸ್ಥೆ) ನ್ಯಾಯಮಂಡಳಿ ಅದನ್ನ ಪೂರ್ತಿ ಒಪ್ಪಲಿಲ್ಲ. ಕಾರಲ್ಲಿ ಏನೂ ಕೆಟ್ಟಿಲ್ಲ ಅಂತ ಖಾತ್ರಿ ಆದರೂ ಅದೂ ಲಾಭವೇ ಅಂದಿತು. ಮರ್ಸಿಡಿಸ್, ಪಿರೆಲ್ಲಿ ಇಬ್ಬರಿಗೂ ಛೀಮಾರಿ, ಮರ್ಸಿಡಿಸ್‌ಗೆ ಆ ವರ್ಷದ ಯುವ ಚಾಲಕರ ಟೆಸ್ಟಲ್ಲಿ ಓಡಿಸೋ ಅವಕಾಶ ಇಲ್ಲ. ನನ್ನ ಪ್ರಕಾರ ಶಿಕ್ಷೆ ತೀರಾ ಸಣ್ಣದಾಯ್ತು, ಆದರೆ ಲಾಭದ ಬಗ್ಗೆ ಮಂಡಳಿ ಹೇಳಿದ ಮಾತು ನೂರಕ್ಕೆ ನೂರು ಸರಿ. ಟೈರ್ ಹೆಸರು ಮುಚ್ಚಿಟ್ಟರೆ ಸಾಲದು. ಟ್ರ್ಯಾಕಲ್ಲಿ ಓಡಿದ್ದೇ ಲಾಭ.

ಮಂಡ್ಯ_ಆಟೋಕ್ರಾಸ್:
ಹಾಗಾದ್ರೆ ಸ್ಪರ್ಧೆಯಲ್ಲಿಲ್ಲದ ಕಾರು, ಬೇರೆ ಡ್ರೈವರ್ ಇಟ್ಟರೆ ಮುಗೀತಲ್ವಾ?

ಶ್ರೀರಂಗಪಟ್ಟಣ_ಗ್ಯಾರೇಜ್:
ಡ್ರೈವರ್ ಹೊರಗಿನವನೇ ಇರಲಿ. ಕಾರು ಮಾತ್ರ ಸ್ಪರ್ಧೆಯ ಕಾರುಗಳ ತೂಕ, ರಿಮ್ ಅಗಲ, ಚಕ್ರ ಒಳಗೆ-ಹೊರಗೆ ವಾಲೋ ಕೋನ ಅಂದ್ರೆ ಕ್ಯಾಂಬರ್‌ಗೆ ಹೊಂದಬೇಕು. ಹಗುರ ಕಾರಲ್ಲಿ ಚೆನ್ನಾಗಿ ಬಾಳಿದ ಟೈರ್ ಭಾರದ ಕಾರಲ್ಲಿ ಭುಜ (ಅಂಚು) ಹರಿದುಕೊಳ್ಳುತ್ತೆ. ಪಿರೆಲ್ಲಿಗೂ ಇದೇ ತಾಪತ್ರಯ: ಕೈಯಲ್ಲಿದ್ದಿದ್ದು 2010ರ ರೆನೋ ಕಾರು, ಹೊಸ ಕಾರುಗಳ ಒತ್ತಡ ಅದರಲ್ಲಿ ಸಿಗ್ತಿರಲಿಲ್ಲ. ಅದೇ ವರ್ಷ ಜೂನ್ 30ಕ್ಕೆ ಸಿಲ್ವರ್‌ಸ್ಟೋನ್‌ನಲ್ಲಿ ರೇಸ್ ನಡುವೆಯೇ ಸಾಲುಸಾಲಾಗಿ ಟೈರ್ ಸಿಡಿದವು. ಟೈರನ್ನ ಎಡ-ಬಲ ಅದಲುಬದಲು ಹಾಕಿದ್ದು, ಕಡಿಮೆ ಗಾಳಿ, ಜಾಸ್ತಿ ಕ್ಯಾಂಬರ್, ಟ್ರ್ಯಾಕ್ ಅಂಚಿನ ಚೂಪು ಕರ್ಬ್ ಕಾರಣ ಅಂತ ಪಿರೆಲ್ಲಿ ಹೇಳಿತು.

ಇನ್ನು ಟೆಸ್ಟ್ ಮಾಡೋ ಕ್ರಮ. ಬೆಳಿಗ್ಗೆ ನೆರಳಲ್ಲೇ ಟೈರಿನ ಗಾಳಿ ಒತ್ತಡ ನೋಡಿ. 30 ಪಿಎಸ್‌ಐ ಟೈರಲ್ಲಿ ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು ಒಂದೂವರೆ ಪಿಎಸ್‌ಐ ಏರುತ್ತೆ, ಬಿಸಿಲಿಗಿಟ್ಟ ಟೈರಿನ ಅಳತೆ ಲೆಕ್ಕಕ್ಕೆ ಬರಲ್ಲ. ಪೆಟ್ರೋಲ್ ಪ್ರತಿ ಸಲ ಅಷ್ಟೇ ಇರಲಿ. ಬಿಸಿ ಅಳೆಯೋಕೆ ಸೂಜಿ ಚುಚ್ಚೋ ಪೈರೋಮೀಟರ್ ತನ್ನಿ: ಒಳಅಂಚು, ಮಧ್ಯ, ಹೊರಅಂಚು. ಇನ್‌ಫ್ರಾರೆಡ್ ಗನ್ ಮೇಲ್ಮೈಯನ್ನಷ್ಟೇ ನೋಡುತ್ತೆ, ಅದು ಪಿಟ್‌ಗೆ ಬರೋಷ್ಟರಲ್ಲಿ ಆರಿಬಿಡುತ್ತೆ.

ಮುಖ್ಯ ವಿಷಯ: ಎರಡು ಕಾಂಪೌಂಡನ್ನ ಎ, ಬಿ, ಮತ್ತೆ ಎ ಅನ್ನೋ ಕ್ರಮದಲ್ಲಿ ಓಡಿಸಿ. ಮಣ್ಣಿನ ಟ್ರ್ಯಾಕ್ ಓಡಿದಷ್ಟೂ ಸಡಿಲ ಮಣ್ಣು ಬದಿಗೆ ಸರಿದು ಗಟ್ಟಿಯಾಗುತ್ತೆ, ಟೈಮ್ ತಾನೇ ಇಳಿಯುತ್ತೆ. ಮೊದಲ ಎ 62.4 ಸೆಕೆಂಡ್, ಬಿ 61.9, ಕೊನೆಯ ಎ 61.5 ಬಂತು ಅನ್ಕೊಳ್ಳಿ. ಬಿ ಅರ್ಧ ಸೆಕೆಂಡ್ ಗೆದ್ದ ಹಾಗೆ ಕಾಣುತ್ತೆ. ಆದರೆ ಎರಡು ಎ ಸರಾಸರಿ 61.95. ಅಂದ್ರೆ ಎರಡೂ ಹೆಚ್ಚುಕಡಿಮೆ ಸಮ!

ಕುವೆಂಪುನಗರ_ಪಿಟ್:
ಇದನ್ನೇ ನಿಯಮಕ್ಕೆ ಹಾಕಿ ಸಾರ್. ಜೊತೆಗೆ: ದಿನ, ಜಾಗ, ಕಾರು ಎಲ್ಲ ಟೀಮಿಗೂ ಲಿಖಿತವಾಗಿ ಮೊದಲೇ ತಿಳಿಸಿ, ಪ್ರತಿ ಟೀಮಿಂದ ಒಬ್ಬರು ಬಂದು ನೋಡಲಿ. ಟೈಮು, ಬಿಸಿ, ಗಾಳಿ ಬರೆದ ಹಾಳೆಯ ನಕಲು ಅದೇ ಸಂಜೆ ಎಲ್ಲರ ಕೈ ಸೇರಲಿ. 2013ರಲ್ಲೂ ಕಗ್ಗಂಟಾಗಿದ್ದು ಇಲ್ಲೇ: ಎಲ್ಲ ಟೀಮಿಗೂ ಅವಕಾಶ ಕೊಡಬೇಕು ಅನ್ನೋ ಷರತ್ತಿದ್ದರೂ ಉಳಿದವರಿಗೆ ಸುದ್ದಿ ಗೊತ್ತಾಗಿದ್ದು ಟೆಸ್ಟ್ ಮುಗಿದಮೇಲೆ.

ಶ್ರೀರಂಗಪಟ್ಟಣ_ಗ್ಯಾರೇಜ್:
ಟೆಸ್ಟ್ ಆದ ಟೈರ್ ಯಾವ ಟೀಮಿನ ಹತ್ತಿರವೂ ಉಳೀಬಾರದು. ಸೀರಿಯಲ್ ನಂಬರ್ ಬರ್ಕೊಂಡು, ಪಕ್ಕಕ್ಕೆ ಬಣ್ಣದ ಗುರುತು ಹಾಕಿ, ಬೀಗದ ಕೋಣೆಗೆ ಸೇರಿಸಿ. ಯಾರೂ ಟೈರ್ ಮೆತ್ತಗೆ ಮಾಡಿಲ್ಲ ಅಂತ ಖಾತ್ರಿಗೆ ರೇಸ್ ದಿನ ಸ್ಪರ್ಧಿಗಳ ಟೈರಿನ ಗಡಸುತನವನ್ನ ಡ್ಯೂರೋಮೀಟರಲ್ಲಿ (ಗಡಸುತನ ಅಳೆಯೋ ಉಪಕರಣ) ಐದು ಕಡೆ ನೋಡಿ, ಬೀಗದ ಕೋಣೆಯ ಹೊಸ ಟೈರಿಗೆ ಹೋಲಿಸಿ. ಎರಡೂ ಒಂದೇ ಬಿಸಿಯಲ್ಲಿರಬೇಕು, ಬಿಸಿ ಟೈರ್ ಮೆತ್ತಗೆ ತೋರಿಸಿ ಅಮಾಯಕನ ಮೇಲೆ ಅನುಮಾನ ತರುತ್ತೆ.